ಬೆನ್ನು ನೆಲಕ್ಕೆ ಹತ್ತಿದ ಮೇಲೆ

ಹಾನಗಲ್ಲಿನ ನಮ್ಮ ಗರಡಿಮನೆಯಲ್ಲಿ ಕಣದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಸುರಿದು ಗುದ್ದಲಿಯಿಂದ ತಿರುವಿ ಹಾಕುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ, ನನ್ನ ಎದೆಮಟ್ಟಕ್ಕೂ ಬಾರದ ಒಬ್ಬ ಹೆಣ್ಣುಮಗಳು ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದಾರೆ. ತಾಲೀಮಿಗೆ ಬರುವ ಯಾವನೋ ಹುಡುಗನ ತಂಗಿ ಇರಬೇಕು ಅಂದುಕೊಂಡೆ.

"ಯಾರ್ ಬೇಕಾಗಿತ್ತವಾ?"

"ನೀವ ಬೇಕಾಗಿತ್ರಿ ವಸ್ತಾದ್ರ. ನಿಮ್ಮ ತೂಕ ಎಷ್ಟೈತ್ರಿ?"

ಹುಡುಗನಾಗಿದ್ದಾಗಿನಿಂದ ಕುಸ್ತಿಯ ಮಣ್ಣಿನಲ್ಲಿ ಹೊರಳಿ, ಈಗ ಹುಡುಗರಿಗೆ ಪಟ್ಟು ಕಲಿಸುವ ವಸ್ತಾದ ನಾನು. ಬಾಗಿಲಲ್ಲಿ ನಿಂತು ಹೀಗೆ ಕೇಳಿದವರು ಯಾರೂ ಇರಲಿಲ್ಲ. "ನೂರಾ ಎಂಟು ಕಿಲೋ," ಅಂದೆ, ಸ್ವಲ್ಪ ಜಂಬದಿಂದಲೇ.

"ಛಲೋ ಆತ್ರಿ. ನನ್ನನ್ನ ನೆಲಕ್ಕ ಕೆಡವಿ ಒತ್ತಿ ಹಿಡಿಯಾಕ ಅಷ್ಟು ಭಾರದವರ ಬೇಕಾಗಿದ್ರು."

ಒಳಗೆ ಬಸ್ಕಿ ಹೊಡೆಯುತ್ತಿದ್ದ ಹುಡುಗರು ಎಣಿಕೆ ಮರೆತು ನಿಂತರು. ನಾನು ಗುದ್ದಲಿ ಕೆಳಗಿಟ್ಟು ಅವರನ್ನು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದೆ.

ಅವರು ಹಿರೇಕೆರೂರಿನಿಂದ ಮಾಸೂರಿಗೆ ಹೋಗುವ ದಾರಿಯಲ್ಲಿರುವ ಹೆಣ್ಣುಮಕ್ಕಳ ವಸತಿ ಶಾಲೆಯ ಆಟದ ಟೀಚರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಅನ್ನುತ್ತೇವೆ. ನಾನೂ ಹಾಗೇ ಕರೆಯುತ್ತೇನೆ. ಅವರ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ರಜೆ ಮುಗಿಸಿ ಬಸ್ಸಿಳಿದು ಶಾಲೆಯ ಕಡೆ ನಡೆದು ಬರುವಾಗ, ಗೋವಿನಜೋಳದ ಹೊಲಗಳ ನಡುವೆ ಬೈಕಿನವನೊಬ್ಬ ಅಡ್ಡಗಟ್ಟಿ ಕೈ ಹಿಡಿದು ಹೊಲದೊಳಕ್ಕೆ ಎಳೆದಿದ್ದ. ಹುಡುಗಿ ಚೀರಿದ್ದಳು. ಕಳೆ ತೆಗೆಯುತ್ತಿದ್ದ ಹೆಂಗಸರು ಕುಡುಗೋಲು ಹಿಡಿದು ಓಡಿ ಬಂದದ್ದಕ್ಕೆ ಅವನು ಬೈಕ್ ಏರಿ ಪರಾರಿಯಾಗಿದ್ದ. ಪೋಲೀಸರಿಗೆ ದೂರು ಕೊಟ್ಟಿದ್ದರು. ಶಾಲೆಯವರು ಬಸ್ಸನ್ನು ಗೇಟಿನ ಹತ್ತಿರವೇ ನಿಲ್ಲಿಸುವಂತೆ ಮಾಡಿಸಿ, ಒಬ್ಬ ಕಾವಲುಗಾರನನ್ನೂ ಇಟ್ಟಿದ್ದರು. ಆದರೂ ಹುಡುಗಿಯ ಅಪ್ಪ, ಚಿಕ್ಕೇರೂರಿನವನು, ಮಗಳನ್ನು ಶಾಲೆ ಬಿಡಿಸುತ್ತೇನೆ ಅಂತ ಅರ್ಜಿ ಬರೆದುಕೊಟ್ಟಿದ್ದ. ಅವನನ್ನು ನೋಡಿ ಇನ್ನೂ ಕೆಲವರು ಅದೇ ಮಾತು ಎತ್ತಿದ್ದರು.

"ಹುಡುಗ್ಯಾರಿಗೆ ನಾನ ಕಲಸ್ತೇನಿ ಅಂದೆ ರೀ. ಮೊದಲ ನೀವು ಗಾಳಿಗೆ ಹಾರದಂಗ ನಿಂದರ್ರಿ ಅಂತ ಪಾಲಕರೆಲ್ಲಾ ನಕ್ರು," ಎಂದು ಅಕ್ಕೋರೂ ನಕ್ಕರು. "ಮುಂದಿನ ಪಾಲಕರ ಸಭಾದಾಗ ಮಾಡಿ ತೋರಿಸ್ರಿ, ಅಲ್ಲೀ ತನಕ ಅರ್ಜಿ ತಡೀತೇನಿ ಅಂದಾರ ಪ್ರಿನ್ಸಿಪಾಲರು. ಆ ಹುಡುಗಿ ಮಾತ್ರ ಪೆಟಗಿ ಕಟ್ಟಿ ಇಟ್ಟಾಳ್ರಿ."

ಬಿ.ಪಿ.ಎಡ್. ಓದಲು ಮೈಸೂರಿಗೆ ಹೋಗಿದ್ದಾಗ ಅವರು ಬ್ರೆಜಿಲಿಯನ್ ಜಿಯು-ಜಿತ್ಸು ಅನ್ನುವ ಮಲ್ಲವಿದ್ಯೆ ಕಲಿತಿದ್ದರಂತೆ. ಸಣ್ಣ ಮೈಯವರು ದೊಡ್ಡ ಮೈಯವರನ್ನು ನೆಲದ ಮೇಲೆ ಮಣಿಸುವ ವಿದ್ಯೆ ಅಂದರು. ಮೂವತ್ತೂರ ಮಣ್ಣು ಮೆಟ್ಟಿದ ನಾನು ಮನಸ್ಸಿನಲ್ಲೇ ನಕ್ಕೆ. ಸಣ್ಣವನು ದೊಡ್ಡವನನ್ನು ಬೀಳಿಸಿದ್ದನ್ನು ನೋಡಿಲ್ಲ ಅಂತಲ್ಲ. ಆದರೆ ಈ ಮೈಕಟ್ಟು! ಜೊತೆಗೆ ಹೆಣ್ಣುಮಗಳ ಕೂಡೆ ಕುಸ್ತಿ ಹಿಡಿದರೆ ಊರು ಏನಂದೀತು? ಗೆದ್ದರೂ ಮರ್ಯಾದೆ ಇಲ್ಲ, ಸೋತರಂತೂ ಮುಗಿದೇ ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಅವರನ್ನು ಸಾಗಹಾಕಿದೆ.

ನನ್ನ ಹೆಂಡತಿ ಸವಣೂರಿನ ಹೆಣ್ಣು. ಮಾತಿನಲ್ಲಿ ಖಾರ ಕಡಿಮೆ ಇಲ್ಲ. ಎಲ್ಲ ಕೇಳಿಸಿಕೊಂಡು, "ಆ ಹುಡುಗಿ ಶಾಲಿ ಬಿಡೂದು ದೊಡ್ಡದೋ, ನಿಮ್ಮ ಮೀಸಿ ದೊಡ್ಡದೋ?" ಅಂದಳು. "ಊರ ಬಾಯಿಗೆ ಅಂಜತೀರಿ ಅಂದ್ರ ನಾನ ಬಂದು ಕುಂದರ್ತೇನಿ ನಡೀರಿ."

ಹಾಗೆ ಮರುದಿನ ಮಧ್ಯಾಹ್ನದಿಂದ ಶುರುವಾಯಿತು. ಶಿಗ್ಗಾವಿಯ ಪರಿಚಯದ ಕೋಚ್ ಒಬ್ಬರಿಂದ ಹಳೆಯ ರಬ್ಬರ್ ಮ್ಯಾಟು ತರಿಸಿ ಗರಡಿಮನೆಯ ಪಕ್ಕದ ಪಡಸಾಲೆಯಲ್ಲಿ ಹಾಸಿದೆ. ಹೆಂಡತಿ ಗೋಡೆಗೆ ಒರಗಿ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಳು. ಅಕ್ಕೋರು ಮೊದಲು ನಿಯಮ ಹೇಳಿದರು. ಹೊಡೆಯುವಂತಿಲ್ಲ, ಬೆರಳು ತಿರುಚುವಂತಿಲ್ಲ. ಸಾಕು ಅನ್ನಿಸಿದರೆ ಅಂಗೈಯಿಂದ ತಟ್ಟಬೇಕು. ತಟ್ಟಿದ ಕೂಡಲೇ ಹಿಡಿದವರು ಬಿಡಬೇಕು.

"ನನಗ ತಟ್ಟೋ ಪ್ರಸಂಗ ಬರೂದಿಲ್ಲ ಬಿಡ್ರಿ," ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಕುತ್ತಿಗೆಗೆ ಕೈ ಹಾಕಿದೆ. ಅವರು ಎದುರು ತಳ್ಳಲೇ ಇಲ್ಲ. ನನ್ನ ತೋಳು ಹಿಡಿದುಕೊಂಡು ತಾವಾಗಿಯೇ ಕೆಳಗೆ ಕೂತು ಬೆನ್ನ ಮೇಲೆ ಮಲಗಿಬಿಟ್ಟರು. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿತೆಂದರೆ ಚಿತ್, ಆಟ ಖಲಾಸ್. "ಅಯ್ಯ, ಸೋತ್ರಲ್ಲ ಅಕ್ಕೋರ!" ಅಂದೆ.

"ಇನ್ನೂ ಶುರುನ ಆಗಿಲ್ರಿ. ಒತ್ರಿ ನೀವು."

ಅವರ ಎರಡು ಕಾಲೂ ನನ್ನ ಸೊಂಟವನ್ನು ಸುತ್ತಿ ಬೆನ್ನ ಹಿಂದೆ ಗಂಟು ಹಾಕಿಕೊಂಡಿದ್ದವು. ನಾನು ಒತ್ತಿದೆ. ಒತ್ತಿದಷ್ಟೂ ಅವರು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡರು. ಬಿಡಿಸಿಕೊಳ್ಳಲು ಒಂದು ಕೈಯನ್ನು ಮ್ಯಾಟಿಗೆ ಊರಿದ್ದಷ್ಟೇ, ಅವರ ಸೊಂಟ ಪಕ್ಕಕ್ಕೆ ಜಾರಿತು, ಒಂದು ಕಾಲು ನನ್ನ ಹೆಗಲ ಮೇಲೆ ಏರಿ ಕುತ್ತಿಗೆಗೆ ಅಡ್ಡ ಬಂತು, ಇನ್ನೊಂದು ಕಾಲಿನ ಮೊಣಕಾಲು ಅದರ ಪಾದವನ್ನು ಕಚ್ಚಿಕೊಂಡಿತು. ನನ್ನ ಕುತ್ತಿಗೆಯ ಒಂದು ಬದಿಗೆ ಅವರ ತೊಡೆ, ಇನ್ನೊಂದು ಬದಿಗೆ ನನ್ನದೇ ಹೆಗಲು. ನೋವೇನೂ ಇಲ್ಲ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಹೆಂಡತಿಯ ಮುಖ ಮಸುಕು ಮಸುಕು. ನನ್ನ ಕೈ ನನ್ನನ್ನು ಕೇಳದೆ ಪಟಪಟ ತಟ್ಟಿತು.

ಎದ್ದು ಕೂತೆ. ನಾಚಿಕೆ ಆಗಬೇಕಿತ್ತು, ಆದದ್ದು ಬರೀ ಬೆರಗು. ಅವರ ರಟ್ಟೆಯಲ್ಲಿ ಜೋರು ಇಲ್ಲವೇ ಇಲ್ಲ. ಹಿಡಿದಾಗ ನನಗದು ಸ್ಪಷ್ಟವಾಗಿ ಗೊತ್ತಾಗಿತ್ತು. ಹಾಗಾದರೆ ನನ್ನನ್ನು ಮಣಿಸಿದ್ದು ಏನು?

"ನಿಮ್ಮ ನೂರಾ ಎಂಟು ಕಿಲೋ ಕೂಡ ನಾ ಜಗಳಾ ಆಡೂದಿಲ್ರಿ," ಅಂದರು ಅಕ್ಕೋರು. "ನಿಮ್ಮ ಒಂದು ಕುತ್ತಿಗಿ, ಒಂದು ಕೈ, ಅಷ್ಟಕ್ಕ ನನ್ನ ಇಡೀ ಮೈ ಹಾಕ್ತೇನಿ. ಅಷ್ಟು ಜಾಗದಾಗ ನಾನ ದೊಡ್ಡಾಕಿ."

"ಇನ್ನೊಮ್ಮೆ," ಅಂದೆ.

ಇನ್ನೊಮ್ಮೆ ಆಯಿತು. ಈ ಸಲ ನಾನು ಕೈ ಊರಲಿಲ್ಲ. ಅವರು ಸೊಂಟ ಎತ್ತಿ ನನ್ನನ್ನು ಪಕ್ಕಕ್ಕೆ ಉರುಳಿಸಿದರು. ಬೆನ್ನು ನೆಲಕ್ಕೆ ತಾಗಬಾರದಲ್ಲ, ಚಿಕ್ಕಂದಿನಿಂದ ಕಲಿತದ್ದು, ಮಿಂಚಿನ ಹಾಗೆ ಹೊಟ್ಟೆಯ ಮೇಲೆ ತಿರುಗಿಬಿಟ್ಟೆ. ಕುಸ್ತಿಯಲ್ಲಿ ಅದೇ ಕ್ಷೇಮ. ಅವರು ಮಾತ್ರ ಕೂಸಿನ ಹಾಗೆ ನನ್ನ ಬೆನ್ನಿಗೆ ಅಂಟಿಕೊಂಡು ಹಿಂದಿನಿಂದ ಕುತ್ತಿಗೆಗೆ ತೋಳು ಹಾಕಿದರು. ಮತ್ತೆ ಪಟಪಟ. ಹೆಂಡತಿ ಮೆಂತ್ಯೆ ಬಿಟ್ಟು ಚಪ್ಪಾಳೆ ಹೊಡೆದಳು. ಕಟ್ಟಿಕೊಂಡವಳೇ ಹೀಗೆ!

ಅಕ್ಕೋರು ಶಾಲೆಗೆ ರಜೆ ಹಾಕಿ ಹಾನಗಲ್ಲಿನಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಂಡರು. ಆಮೇಲೆ ದಿನವೂ ಮಧ್ಯಾಹ್ನ ಅದೇ ಕೆಲಸ. ನಾನು ಬೇರೆ ಬೇರೆ ರೀತಿ ಹಿಡಿಯುವುದು, ಎಳೆಯುವುದು, ಎದೆಯ ಮೇಲೆ ಭಾರ ಹಾಕುವುದು. ಅವರು ಮೊಣಕೈ, ಮೊಣಕಾಲು ತೂರಿಸಿ ಒಂದು ಗೇಣು ಜಾಗ ಮಾಡಿಕೊಂಡು ಹೊರಬರುವುದು. ಎಲ್ಲ ಸಲವೂ ಅವರೇ ಗೆದ್ದರು ಅಂತಲ್ಲ. ನಾನು ತಾಳ್ಮೆಯಿಂದ ಕೂತರೆ ಅವರಿಗೆ ಉಸಿರು ಕಟ್ಟುತ್ತಿತ್ತು. ಆದರೆ ದೊಡ್ಡ ಮೈಯವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಅವಸರ ಮಾಡಿದ ಕೂಡಲೇ ಸಿಕ್ಕಿಬೀಳುತ್ತಿದ್ದೆ.

ಸಭೆಗೆ ಕೆಲವೇ ದಿನ ಇರುವಾಗ ಕೆಟ್ಟದ್ದು ನಡೆಯಿತು. ಅಕ್ಕೋರ ಕಾಲು ಸೊಂಟಕ್ಕೆ ಸುತ್ತಿತ್ತು. ಬೇಸರ ಬಂದಿತ್ತೋ ಏನೋ, ನಾನು ಅವರನ್ನು ಹಾಗೇ ಎತ್ತಿಕೊಂಡು ಎದ್ದು ನಿಂತೆ, ಗದೆ ಎತ್ತಿದ ಹಾಗೆ. ಎತ್ತಿದ ಮೇಲೆ ಒಗೆಯುವುದು ಕುಸ್ತಿಯವನ ಕೈಗೆ ಅಂಟಿದ ರೂಢಿ. ಒಗೆದೇಬಿಟ್ಟೆ. ಅವರು ಪಕ್ಕೆಯ ಮೇಲೆ ಬಿದ್ದರು, ಉಸಿರು ಹೊರಡಲಿಲ್ಲ.

"ಕೈಗೆ ಕೊಳ್ಳಿ ಹಾಕ್ಲಿ ನಿಮ್ಮ!" ಅಂತ ಹೆಂಡತಿ ಚೀರಿಕೊಂಡು ಓಡಿ ಬಂದಳು. ಆಸ್ಪತ್ರೆಯಲ್ಲಿ ನೋಡಿ ಎಲುಬು ಮುರಿದಿಲ್ಲ, ಪೆಟ್ಟಾಗಿದೆ, ವಿಶ್ರಾಂತಿ ಬೇಕು ಅಂದರು. ನನಗೆ ಅನ್ನ ಸೇರಲಿಲ್ಲ.

"ಸಭಾ ಮುಂದಕ್ಕ ಹಾಕಿಸ್ರಿ ಅಕ್ಕೋರ," ಅಂದೆ.

"ಹಾಕಿಸಿದ್ರ ಅಂಜಿದ್ಳು ಅಂತಾರ್ರಿ. ಆ ಹುಡುಗಿ ಅಪ್ಪ ಅಕಿನ್ನ ಕರಕೊಂಡು ಹೊಂಡ್ತಾನ. ಅದಿರ್ಲಿ, ಯಾರರ ಹಿಂಗ ಎತ್ತಿದ್ರ ಅವರ ಕಾಲಾಗ ಕೈ ಹಾಕಬೇಕಾಗಿತ್ತು. ನಾ ಮರತೆ."

ಪಕ್ಕೆಗೆ ಪಟ್ಟಿ ಸುತ್ತಿಕೊಂಡು ಅವರು ಗೋಡೆಗೆ ಒರಗಿ ಕೂತರು. ಮ್ಯಾಟಿನ ಮೇಲೆ ಮಲಗಿದ್ದು ನನ್ನ ಹೆಂಡತಿ! ಸೀರೆಯ ಬದಲು ಮಗಳ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಜೀವಮಾನದಲ್ಲಿ ಒಂದು ಬಸ್ಕಿ ಹೊಡೆದವಳಲ್ಲ. "ಅವರು ಎತ್ತಾಕ ಹತ್ತಿದ ಕೂಡ್ಲೆ ಮೊಣಕಾಲ ಒಳಗಿಂದ ಕೈ ಹಾಕಿ ಕಾಲು ತಬ್ಬಿಕೊಳ್ರಿ, ಅಷ್ಟ," ಅಂದರು ಅಕ್ಕೋರು. ನಾನು ಮೆಲ್ಲಗೆ ಎತ್ತಲು ಹೋದೆ. ಹೆಂಡತಿ ಕಾಲು ತಬ್ಬಿದಳು. ಸೊಂಟ ನೆಟ್ಟಗಾಗಲಿಲ್ಲ, ಹೆಜ್ಜೆ ಕಿತ್ತಿಡಲು ಆಗಲಿಲ್ಲ, ತೊಲೆ ಉರುಳಿದ ಹಾಗೆ ಕುಂಡೆಯ ಮೇಲೆ ಬಿದ್ದೆ. "ಅಯ್ ಶಿವನ!" ಅಂತ ಬಾಯಿಗೆ ಕೈ ಹಚ್ಚಿ ಅವಳು ನನಗಿಂತ ಹೆಚ್ಚು ಬೆರಗಾದಳು. ಅವತ್ತು ಸಂಜೆಯವರೆಗೆ ನನ್ನನ್ನು ಬೀಳಿಸಿದ್ದೇ ಬೀಳಿಸಿದ್ದು.

ಸಭೆಯ ದಿನ ಮ್ಯಾಟುಗಳನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋದೆವು. ಶಾಲೆಯ ಊಟದ ಹಾಲಿನ ನಡುವೆ ಮ್ಯಾಟು. ಒಂದು ಕಡೆ ಪಾಲಕರು, ಗೋಡೆಯ ಗುಂಟ ಹುಡುಗಿಯರು. ಅಕ್ಕೋರು ಪಟ್ಟಿಯ ಮೇಲೆ ಬನಿಯನ್ನು, ಅದರ ಮೇಲೆ ದಪ್ಪ ಅಂಗಿ ಹಾಕಿದ್ದರು. ಪೆಟ್ಟಿನ ವಿಷಯ ಅಲ್ಲಿ ಗೊತ್ತಿದ್ದದ್ದು ನನಗೆ, ನನ್ನ ಹೆಂಡತಿಗೆ ಮಾತ್ರ.

ನಾನು ಅವರನ್ನು ಹಿಡಿದೆ, ಎಳೆದೆ, ಕೆಡವಿದೆ. ಅವರು ಕಾಲು ಸುತ್ತಿ ಕುತ್ತಿಗೆ ಕಟ್ಟಿದರು. ನಾನು ತಟ್ಟಿದೆ. ಹುಡುಗಿಯರು ಹೋ ಅಂದರು. ಪಾಲಕರಲ್ಲಿ ಕೆಲವರು ಕೈ ತಟ್ಟಿದರು.

ಆಗ ಹಿಂದಿನಿಂದ ಒಬ್ಬ ಎದ್ದು ನಿಂತ. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲ, ಮೈ ನನಗಿಂತ ಒಂದು ಹಿಡಿ ಕಡಿಮೆ ಇದ್ದೀತು ಅಷ್ಟೇ. ಮುದುರಿದ ಕಿವಿ ನೋಡಿದ ಕೂಡಲೇ ಹರೆಯದಲ್ಲಿ ಕುಸ್ತಿ ಹಿಡಿದವನು ಅಂತ ನನಗೆ ತಿಳಿಯಿತು. ಅವನೇ ಆ ಹುಡುಗಿಯ ಅಪ್ಪ.

"ವಸ್ತಾದ್ರ, ಸಿಟ್ಟಾಗಬ್ಯಾಡ್ರಿ," ಅಂದ. "ಒಳಗಿಂದೊಳಗ ಮಾತಾಡ್ಕೊಂಡು ಬೀಳೂ ಕುಸ್ತಿ ನಾವೂ ನೋಡೇವಿ."

ನನ್ನ ಮೈಯೆಲ್ಲ ಉರಿದುಹೋಯಿತು. ಜೀವನದಲ್ಲಿ ಒಂದು ಕುಸ್ತಿಯನ್ನೂ ಮಾರಿಕೊಂಡವನಲ್ಲ ನಾನು. ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರು, "ಹಂಗಾದ್ರ ನೀವ ಬರ್ರಿ ಅಣ್ಣಾರ," ಅಂದರು.

"ಹೆಣ್ಮಕ್ಕಳ ಮ್ಯಾಲೆ ಕೈ ಮಾಡಾಂವಲ್ರಿ ನಾ."

"ಕೈ ಮಾಡಬ್ಯಾಡ್ರಿ. ನನ್ನ ಹಿಡಕೊಂಡು ಆ ಬಾಗಲಾ ತನಕ ಎಳಕೊಂಡು ಹೋಗ್ರಿ, ಸಾಕು."

ಅವನು ಬಾಗಿಲು ನೋಡಿದ, ಮಗಳನ್ನು ನೋಡಿದ. "ಎಳದ್ರ ನನ್ನ ಮಗಳನ್ನ ಈಗಿಂದೀಗ ಕರಕೊಂಡು ಹೋಗ್ತೇನಿ. ಆಮ್ಯಾಲೆ ಯಾರೂ ಅಡ್ಡ ಬರಬಾರದು."

ಪ್ರಿನ್ಸಿಪಾಲರು ಕುರ್ಚಿಯಿಂದ ಅರ್ಧ ಎದ್ದರು. ನನ್ನ ಹೆಂಡತಿ ನನ್ನ ಕಡೆ ಕಣ್ಣು ಬಿಟ್ಟಳು: ಹೇಳ್ರಿ ಅಂತ. ಪಕ್ಕೆಗೆ ಪೆಟ್ಟಾಗಿದೆ ಅಂತ ನಾನು ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಅಕ್ಕೋರು ನನ್ನತ್ತ ನೋಡಿ ತಲೆ ಅಲ್ಲಾಡಿಸಿದರು, ಬೇಡ ಅಂತ. ಇನ್ನೊಮ್ಮೆ ಅವರು ಬಿದ್ದರೆ ಆ ಎಲುಬು ಏನಾದೀತೋ ಅನ್ನುವ ಹೆದರಿಕೆ ನನಗೆ. ಆದರೂ ಆ ವಿದ್ಯೆಯನ್ನು ನಾನು ಮೈಯಾರೆ ಕಂಡಿದ್ದೆ. ತಟ್ಟುವ ನಿಯಮವನ್ನು ಅವನಿಗೆ ಹೇಳಿಕೊಟ್ಟು ಮ್ಯಾಟಿನಿಂದ ಕೆಳಗೆ ಇಳಿದೆ.

ಅವನು ಅಕ್ಕೋರ ಮಣಿಕಟ್ಟು ಹಿಡಿದು ಜಗ್ಗಿದ. ಅವರು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅವನ ಕಡೆಗೇ ನುಗ್ಗಿ ತೋಳು ತಬ್ಬಿಕೊಂಡು ಅವನ ಕಾಲಬುಡದಲ್ಲಿ ಕೂತು ಬೆನ್ನ ಮೇಲೆ ಹೊರಳಿದರು. ಅವನೂ ಅವರ ಜೊತೆಗೇ ಮೊಣಕಾಲೂರಿದ. ಅಕ್ಕೋರ ಬೆನ್ನು ಮ್ಯಾಟಿಗೆ ಹತ್ತಿತು. "ಚಿತ್!" ಅಂತ ಯಾರೋ ಕೂಗಿದರು. ಯಾರೋ ಏನು, ನಾನೇ! ಇಷ್ಟು ದಿನ ಇದೇ ಮ್ಯಾಟಿನ ಮೇಲೆ ಪಾಠ ಹೇಳಿಸಿಕೊಂಡರೂ ಬಾಯಿ ತನ್ನ ಹಳೆಯ ಕೆಲಸ ಮಾಡಿತ್ತು. ಪಾಲಕರೆಲ್ಲ ಚಪ್ಪಾಳೆ ಹೊಡೆದರು. ನಮ್ಮ ಸೀಮೆಯಲ್ಲಿ ಕುಸ್ತಿ ಗೊತ್ತಿಲ್ಲದವರು ಯಾರಿದ್ದಾರೆ? ಹುಡುಗಿಯ ಅಪ್ಪ ಕೂಡಲೇ ಹಿಡಿತ ಬಿಟ್ಟು, ಎದ್ದು, ಮಣ್ಣು ಮುಟ್ಟುವ ಹಾಗೆ ಮ್ಯಾಟು ಮುಟ್ಟಿ ಎದೆಗೆ ಒತ್ತಿಕೊಂಡ. ಗೆದ್ದ ಪೈಲ್ವಾನನ ಮರ್ಯಾದೆ ಅದು. "ಆತಲ್ರಿ," ಅಂದ.

"ಅಪ್ಪಾ."

ಗೋಡೆಯ ಬಳಿ ಅವನ ಮಗಳು ಎದ್ದು ನಿಂತಿದ್ದಳು. ಎರಡು ಜಡೆಯ ತೆಳ್ಳನೆಯ ಹುಡುಗಿ. ನಾನು ಅವಳನ್ನು ಸರಿಯಾಗಿ ನೋಡಿದ್ದೇ ಆಗ.

"ಬೆನ್ನ ನೆಲಕ್ಕ ಹತ್ತಿದ್ರ ಆತೇನಪ್ಪಾ? ಅವತ್ತ ನಂದೂ ಹತ್ತಿತ್ತು. ಅಂವಾ ಬಿಟ್ಟಿದ್ದಿಲ್ಲ."

ಕೈ ಹಿಡಿದಿದ್ದ, ಎಳೆದಿದ್ದ, ಅಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಹೊಲದೊಳಗೆ ಅವಳನ್ನು ಕೆಡವಿದ್ದ ಅನ್ನುವುದು ಅವಳ ಅಪ್ಪನಿಗೂ ಗೊತ್ತಿರಲಿಲ್ಲ. ಅವನ ಮುಖದ ರಕ್ತ ಇಳಿದದ್ದನ್ನು ನಾನು ಕಣ್ಣಾರೆ ನೋಡಿದೆ. ಅವನು ಅಕ್ಕೋರ ಕಡೆ ತಿರುಗಿದ.

"ಎದ್ದೇಳಬ್ಯಾಡ್ರಿ ಅಕ್ಕೋರ. ಹಂಗ ಇರ್ರಿ. ಈಗ ನಾ ಬಿಡೂದಿಲ್ಲ."

ಈ ಸಲ ಬಂದವನು ಬೇರೆಯೇ ಮನುಷ್ಯ. ಭಾರವನ್ನೆಲ್ಲ ಎದೆಗೆ ತಂದು ಅವರ ಮೇಲೆ ಬಿದ್ದ. ಅಕ್ಕೋರ ಮುಖ ನೋವಿನಿಂದ ಕಿವುಚಿತು, ಪಕ್ಕೆ ಅಂತ ನನಗೆ ಗೊತ್ತಾಯಿತು. ಮೊಣಕಾಲು ತೂರಿಸಿದರು, ಜಾಗ ಮಾಡಿಕೊಂಡರು, ಕಾಲುಗಳನ್ನು ಅವನ ಸೊಂಟಕ್ಕೆ ಸುತ್ತಿದರು. ಅವನು ಬಿಡಿಸಲು ನೋಡಿದ, ಆಗಲಿಲ್ಲ. ಆಗ ಚೀಲ ಹೊರುವವನು ಮಾಡುವುದನ್ನೇ ಮಾಡಿದ. ಎರಡೂ ಕೈ ಅಡಿಗೆ ಹಾಕಿ, ಅವರನ್ನು ಎತ್ತಿಕೊಂಡು ಬಾಗಿಲ ಕಡೆಗೆ ಏಳತೊಡಗಿದ.

"ಕಾಲು! ಕಾಲು ತಬ್ರಿ!" ಅಂತ ಚೀರಿದ್ದು ನನ್ನ ಹೆಂಡತಿ. ಅಷ್ಟರೊಳಗೆ ಅಕ್ಕೋರ ತೋಳು ಅವನ ಮೊಣಕಾಲ ಒಳಗೆ ಹೋಗಿ ಆಗಿತ್ತು. ಅರ್ಧ ಎದ್ದವನು ಅಲ್ಲೇ ತೊನೆದ. ಹೆಜ್ಜೆ ಎತ್ತಲು ನೋಡಿದ, ಕಾಲು ಬರಲಿಲ್ಲ. ಮುಂದಕ್ಕೆ ಮುಗ್ಗರಿಸಿ ಮೊಣಕಾಲ ಮೇಲೆ ಬಂದ, ಬೀಳದ ಹಾಗೆ ಒಂದು ಕೈ ಮ್ಯಾಟಿಗೆ ಊರಿದ.

ಒಂದು ಕೈ, ಒಂದು ಕುತ್ತಿಗೆ. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಕಾಲು ಹೆಗಲೇರಿತು, ಮೊಣಕಾಲು ಪಾದವನ್ನು ಕಚ್ಚಿತು. ಅವನ ಕುತ್ತಿಗೆಯ ನರ ಉಬ್ಬಿದವು, ಮುಖ ಕೆಂಪಾಯಿತು. ತೋಳಿನ ಶಕ್ತಿಯೆಲ್ಲ ಹಾಕಿ ಬಿಡಿಸಿಕೊಳ್ಳಲು ನೋಡಿದ. ಇಡೀ ಚಿಕ್ಕೇರೂರಿನ ಚೀಲ ಹೊತ್ತ ತೋಳು ಅದು, ಆ ಎರಡು ಸಣ್ಣ ಕಾಲಿನ ನಡುವೆ ಅಲ್ಲಾಡಲಿಲ್ಲ. ನಾನು ಎಷ್ಟೋ ದೊಡ್ಡ ಪೈಲ್ವಾನರನ್ನು ನೋಡಿದ್ದೇನೆ. ಅಂಥದ್ದನ್ನು ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

"ತಟ್ರಿ ಅಣ್ಣಾರ, ತಟ್ರಿ!" ಅಂದೆ. ಕುಸ್ತಿಯವನು, ಎಲ್ಲಿ ತಟ್ಟುತ್ತಾನೆ! ಕಣ್ಣು ಮೇಲಾಗುವ ಹೊತ್ತಿಗೆ ಅವನ ಕೈ ಎದ್ದಿತು. ಅಕ್ಕೋರ ಹೆಗಲ ಮೇಲೆ ಮೆಲ್ಲಗೆ ತಟ್ಟಿತು. ಅವರು ತಕ್ಷಣ ಬಿಟ್ಟರು.

ಅವನು ಕೂತು ಕೆಮ್ಮಿದ. ಪ್ರಿನ್ಸಿಪಾಲರು ನೀರು ತರಿಸಿಕೊಟ್ಟರು. ಅಕ್ಕೋರು ಪಕ್ಕೆ ಹಿಡಿದುಕೊಂಡು ಅಲ್ಲೇ ಕೂತಿದ್ದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

"ಇದು ನನ್ನ ಮಗಳಿಗೆ ಬರ್ತೈತೇನ್ರಿ?" ಅಂತ ಅವನು ನೆಲ ನೋಡುತ್ತಾ ಕೇಳಿದ.

"ಬರ್ತೈತ್ರಿ. ಆದ್ರ ಮೊದಲ ಒದರಬೇಕು, ಓಡಬೇಕು. ಓಡಾಕ ಆಗಲಾರದಾಗ ಇದು."

"ಎಷ್ಟು ದಿನಾ ಬೇಕ್ರಿ?"

ಒಂದು ವಾರ, ಒಂದು ತಿಂಗಳು ಅಂದುಬಿಡಲಿ ದೇವರೇ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಕ್ಕೋರಿಗೆ ಸುಳ್ಳು ಹೇಳಲು ಬರುವುದಿಲ್ಲ.

"ದಿನಾ ಅಲ್ರಿ. ಎರಡು ವರ್ಷರ ಬೇಕು."

ಅವನು ಮಗಳನ್ನು ಹತ್ತಿರ ಕರೆದ. ಅವಳು ಬಂದು ಮ್ಯಾಟಿನ ಅಂಚಿನಲ್ಲಿ ನಿಂತಳು.

"ನನಗ್ಯಾಕ ಹೇಳ್ಲಿಲ್ಲವಾ?"

"ಹೇಳಿದ್ರ ನೀ ಅವತ್ತ ಕರಕೊಂಡು ಹೋಗ್ತಿದ್ದಿ."

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ, ತುಂಬಾ ಹೊತ್ತು ಒರೆಸಿಕೊಂಡ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ.

"ಅಕ್ಕೋರಿಗೆ ಪಕ್ಕಿ ನೋಯಾಕತ್ತೈತಿ, ಭಾರ ಎತ್ತಿಸಬ್ಯಾಡ. ಮ್ಯಾಟ ಸುತ್ತಾಕ ನೀ ಕೈ ಹಚ್ಚು," ಅಂದ ಮಗಳಿಗೆ. "ನನ್ನ ಬಸ್ಸಿನ ಹೊತ್ತಾತು. ಬರ್ತೇನಿ."

ಹುಡುಗಿ ಕೂತು ಮ್ಯಾಟಿನ ಅಂಚು ಹಿಡಿದಳು. ಅವನು ಒಬ್ಬನೇ ಗೇಟು ದಾಟಿ ಬಸ್ಸಿಗೆ ಹೋದ.